ನಾಳೆಯ ಚಿಂತೆ, ದೇವರ ಸನ್ನಿಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ನಾಲ್ಕು ಕಾಸು ಇದ್ದಾಗ, ಇಲ್ಲದಾಗ, ಅಥವಾ ಇದ್ದದ್ದು ಯಾವಾಗ ಹೋಗುತ್ತದೋ ಎಂಬ ಭಯ ಕಾಡುವಾಗ, ಜನರ ಪೂಜೆ, ಪ್ರಾರ್ಥನೆ, ಸತ್ಸಂಗದ ನಡವಳಿಕೆ ಬದಲಾಗುತ್ತದೆಯೇ? ಸಮಾಜಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಇದನ್ನು ದಶಕಗಳಿಂದ ಕೆದಕುತ್ತಿದ್ದಾರೆ. ಭಕ್ತರೂ ನಾಸ್ತಿಕರೂ ಒಂದೇ ಕುತೂಹಲದಿಂದ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿ ಉತ್ತರಿಸಿದ್ದೇನೆ.

ಬಡವರಿಗೆ ದೈವಭಕ್ತಿ ಜಾಸ್ತಿ, ಅನುಕೂಲಸ್ಥರಿಗೆ ಕಡಿಮೆ ಅನ್ನುತ್ತಾರೆ. ನಿಜವೇ?

ದೇಶ ದೇಶಗಳನ್ನು ಹೋಲಿಸಿದರೆ ಬಹುಮಟ್ಟಿಗೆ ನಿಜ. ಒಂದೇ ದೇಶದೊಳಗಿನ ಜನರನ್ನು ಹೋಲಿಸಿದರೆ ಅಷ್ಟು ಸಲೀಸಾಗಿ ಹೇಳಲಾಗದು.

1981ರಿಂದ ನಡೆಯುತ್ತಿರುವ ವಿಶ್ವ ಮೌಲ್ಯಗಳ ಸಮೀಕ್ಷೆಯ ಮಾಹಿತಿಯನ್ನು ಇಟ್ಟುಕೊಂಡು ರಾಜ್ಯಶಾಸ್ತ್ರಜ್ಞರಾದ ರೊನಾಲ್ಡ್ ಇಂಗಲ್‌ಹಾರ್ಟ್ ಮತ್ತು ಪಿಪ್ಪಾ ನಾರಿಸ್ 2004ರಲ್ಲಿ ಒಂದು ವಾದ ಮುಂದಿಟ್ಟರು. ಹಸಿವು, ರೋಗ, ಅಕಾಲ ಮರಣ, ದಿಢೀರ್ ನಷ್ಟ ಇವುಗಳ ಭಯದಲ್ಲೇ ಬೆಳೆದವರಿಗೆ ಧರ್ಮ ಬದುಕಿನ ನಡುಮಧ್ಯದಲ್ಲಿರುತ್ತದೆ. ಆ ಭಯ ಬಹುತೇಕ ಕರಗಿದ ಸಮಾಜದಲ್ಲಿ ಹುಟ್ಟಿ ಬೆಳೆದವರಿಗೆ ಅದು ನಿಧಾನವಾಗಿ ಅಂಚಿಗೆ ಸರಿಯುತ್ತದೆ ಎಂಬುದು ಅದರ ಸಾರ. ಈ ವಿಷಯದ ಚರ್ಚೆ ಇಂದಿಗೂ ಇಲ್ಲಿಂದಲೇ ಶುರುವಾಗುತ್ತದೆ. ಒಪ್ಪದವರೂ ಮೊದಲು ಇದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ಬಡತನ ಬೇರೆ, ಅಭದ್ರತೆ ಬೇರೆಯೇ?

ಬೇರೆ. ಈ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಆಗುವುದೂ ಇಲ್ಲೇ.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ಸಣ್ಣ ಸಂಬಳ, ಆದರೆ ಕೆಲಸ ಕಾಯಂ. ಕಾಯಿಲೆ ಬಿದ್ದರೆ ಚಿಕಿತ್ಸೆ ಉಚಿತ. ವಯಸ್ಸಾದ ಮೇಲೆ ಪಿಂಚಣಿ. ಇನ್ನೊಬ್ಬರು ಅದರ ಎರಡರಷ್ಟು ದುಡಿಯುತ್ತಾರೆ, ಆದರೆ ಗುತ್ತಿಗೆಯ ಮೇಲೆ. ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಒಮ್ಮೆ ಆಸ್ಪತ್ರೆಗೆ ಸೇರಿದರೆ ಹತ್ತು ವರ್ಷದ ಉಳಿತಾಯ ಕರಗಿಹೋಗುತ್ತದೆ. ಲೆಕ್ಕದಲ್ಲಿ ಎರಡನೆಯವರೇ ಅನುಕೂಲಸ್ಥರು. ರಾತ್ರಿ ನಿದ್ದೆ ಬರದೆ ಹೊರಳಾಡುವವರೂ ಅವರೇ. ಇಲ್ಲಿ ಭದ್ರತೆ ಎಂದರೆ ತಲಾ ಆದಾಯವಲ್ಲ, ಬಿದ್ದರೆ ಹಿಡಿಯುವವರು ಯಾರಾದರೂ ಇದ್ದಾರೆಂಬ ನೆಚ್ಚಿಕೆ. ಆದಾಯವನ್ನಷ್ಟೇ ನೋಡಿದ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದೆ ಹೋಗಲು ಇದು ದೊಡ್ಡ ಕಾರಣ.

ಧಾರ್ಮಿಕ ಪಾಲ್ಗೊಳ್ಳುವಿಕೆಯನ್ನು ಅಳೆಯುವುದಾದರೂ ಹೇಗೆ?

ಸಾಮಾನ್ಯವಾಗಿ ಮೂರು ಸಂಗತಿ ಕೇಳುತ್ತಾರೆ: ನಂಬಿಕೆ ಇದೆಯೇ, ಪ್ರಾರ್ಥನೆ ಅಥವಾ ಸಭೆಗೆ ಎಷ್ಟು ಸಲ ಹೋಗುತ್ತೀರಿ, ಯಾವ ಧರ್ಮಕ್ಕೆ ಸೇರಿದವರೆಂದು ಹೇಳಿಕೊಳ್ಳುತ್ತೀರಿ. ಈ ಮೂರೂ ಜೊತೆಜೊತೆಗೆ ಏರಿಳಿಯುವುದಿಲ್ಲ. ಡೆನ್ಮಾರ್ಕಿನಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ರಾಷ್ಟ್ರೀಯ ಚರ್ಚಿನ ಸದಸ್ಯರು. ತೆರಿಗೆ ಕಟ್ಟುವಷ್ಟು ಆದಾಯವಿರುವ ಸದಸ್ಯರು ಅದಕ್ಕಾಗಿ ತೆರಿಗೆಯನ್ನೂ ಕಟ್ಟುತ್ತಾರೆ. ಆದರೆ ವಾರವಾರ ಪ್ರಾರ್ಥನೆಗೆ ಹೋಗುವವರು ಬೆರಳೆಣಿಕೆ.

ಜನ ಹೇಳಿದ್ದನ್ನು ಪೂರ್ತಿ ನಂಬುವಂತೆಯೂ ಇಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸಮೀಕ್ಷೆಗಳಲ್ಲಿ ವಾರಕ್ಕೊಮ್ಮೆ ಚರ್ಚಿಗೆ ಹೋಗುತ್ತೇವೆ ಎಂದವರು ಸುಮಾರು 40% ಇದ್ದರು. 1993ರಲ್ಲಿ ಮೂವರು ಸಂಶೋಧಕರು ಚರ್ಚುಗಳಲ್ಲಿ ನಿಜಕ್ಕೂ ಬಂದವರ ಲೆಕ್ಕ ಹಾಕಿ ನೋಡಿದಾಗ ಅದು ಹೇಳಿದ್ದರ ಅರ್ಧದಷ್ಟಿತ್ತು. ಇದರಲ್ಲಿ ಮೋಸದ ಉದ್ದೇಶವೇನೂ ಇಲ್ಲ. ತಾನು ಎಂಥವನು ಎಂದು ಹೇಳಿಕೊಳ್ಳುವ ಆಸೆ ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಯಾವುದಾದರೂ ಅಂಕಿ ಕಣ್ಣಿಗೆ ಬಿದ್ದಾಗ ಅದು ನಂಬಿಕೆಯದೋ, ಹಾಜರಿಯದೋ, ಗುರುತಿನದೋ ಎಂದು ಮೊದಲು ನೋಡಿಕೊಳ್ಳಿ.

ಸಂಕಟ ಬಂದಾಗ ವೆಂಕಟರಮಣ ಅನ್ನುವುದು ಇದೇ ಅಲ್ಲವೇ? ಜನ ಹೋಗುವುದು ಸಮಾಧಾನಕ್ಕೋ, ಸಹಾಯಕ್ಕೋ?

ಗಾದೆಯಲ್ಲಿ ಅರ್ಧ ಸತ್ಯ ಇದೆ. ಸಂಕಟ ಬಂದಾಗ ಜನ ಹೋಗುತ್ತಾರೆ, ಸರಿ. ಆದರೆ ಅಲ್ಲಿ ಅವರಿಗೆ ದೇವರಷ್ಟೇ ಅಲ್ಲ, ಮನುಷ್ಯರೂ ಸಿಗುತ್ತಾರೆ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಇಂಡೊನೇಷ್ಯಾದ ಅನುಭವ. 1997ರ ಏಷ್ಯಾ ಹಣಕಾಸು ಬಿಕ್ಕಟ್ಟಿಗೆ ಮುನ್ನ ಒಂದು ಡಾಲರಿಗೆ ಸುಮಾರು 2,400 ರುಪಿಯಾ ಇತ್ತು. 1998ರ ಹೊತ್ತಿಗೆ ಅದು 10,000ವನ್ನೂ ದಾಟಿಹೋಯಿತು. ಅಕ್ಕಿಬೇಳೆಯ ಬೆಲೆ ಗಗನಕ್ಕೇರಿತು, ಸಂಬಳ ಇದ್ದಲ್ಲೇ ಉಳಿಯಿತು. ಆಗ ಹಳ್ಳಿಗಳಲ್ಲಿ ಕುರಾನ್ ಅಧ್ಯಯನದ ಕೂಟಗಳಿಗೆ ಬರುವವರು ಹೆಚ್ಚಾದರು. ಡೇನಿಯಲ್ ಚೆನ್ ಎಂಬ ಅರ್ಥಶಾಸ್ತ್ರಜ್ಞ ಆ ಕುಟುಂಬಗಳ ಮಾಹಿತಿ ಜಾಲಾಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆಟ್ಟು ಎಲ್ಲರಿಗೂ ಒಂದೇ ಸಮ ಬಿದ್ದಿರಲಿಲ್ಲ. ಗದ್ದೆ ಇದ್ದವರು ಬೆಳೆದದ್ದನ್ನೇ ಉಂಡು ಹೇಗೋ ತಡೆದುಕೊಂಡರು, ಸಂಬಳವನ್ನೇ ನೆಚ್ಚಿದವರು ನಲುಗಿದರು. ಹೆಚ್ಚು ನಲುಗಿದ ಮನೆಗಳೇ ಕೂಟಗಳಿಗೆ ಹೆಚ್ಚು ಹತ್ತಿರವಾದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. ಸಾಲ ಸಿಗುವ ವ್ಯವಸ್ಥೆ ಇದ್ದ ಊರುಗಳಲ್ಲಿ ಈ ಪರಿಣಾಮ ಬಹುಪಾಲು ಇಳಿದುಹೋಗಿತ್ತು. ಜನರಿಗೆ ಬೇಕಾಗಿದ್ದು ಬರೀ ಸಾಂತ್ವನವಾಗಿದ್ದರೆ ಪಕ್ಕದಲ್ಲಿ ಸಾಲ ಕೊಡುವವರಿದ್ದಾರೋ ಇಲ್ಲವೋ ಎಂಬುದರಿಂದ ಏನೂ ಬದಲಾಗಬಾರದಿತ್ತು. ಕೂಟಕ್ಕೆ ಬಂದವರಿಗೆ ಕಷ್ಟದ ತಿಂಗಳುಗಳನ್ನು ದಾಟಲು ಒಂದು ಆಸರೆ ಸಿಗುತ್ತಿತ್ತು. ಅಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಅರ್ಜಿ ಬರೆಯಬೇಕಾಗಿಲ್ಲ.

ಅಮೆರಿಕದ ಹಳೆಯ ದಾಖಲೆಗಳೂ ಇದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ. 1927ರ ಮಿಸಿಸಿಪ್ಪಿ ಮಹಾಪ್ರವಾಹ ನುಗ್ಗಿದ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ಪ್ರದೇಶಗಳಲ್ಲಿ) ನಂತರ ಚರ್ಚುಗಳ ಸದಸ್ಯರು ಹೆಚ್ಚಿದರು. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಳೆ ಯಾವಾಗ ಕೈಕೊಡುತ್ತದೋ ಹೇಳಲಾಗದ ಬೇಸಾಯದ ಸೀಮೆಗಳಲ್ಲಿ ಸದಸ್ಯರ ಪಾಲು ಇತರ ಕಡೆಗಳಿಗಿಂತ ಹೆಚ್ಚಿತ್ತು.

ಹಾಗೆಂದು ಸಮಾಧಾನದ ಪಾಲೇ ಇಲ್ಲ ಎನ್ನುವಂತಿಲ್ಲ. 2011ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಭೂಕಂಪ 185 ಜನರನ್ನು ಬಲಿ ತೆಗೆದುಕೊಂಡಿತು. ಆ ದೇಶದಲ್ಲಿ ಸರ್ಕಾರದ ನೆರವು, ವಿಮೆ ಎಲ್ಲವೂ ಇತ್ತು. ಆದರೂ ಭೂಕಂಪದ ಪೆಟ್ಟು ತಿಂದವರಲ್ಲಿ ಧಾರ್ಮಿಕ ನಂಬಿಕೆ ಏರಿತು. ದೇಶದ ಉಳಿದ ಕಡೆ ಇಳಿಯುತ್ತಲೇ ಇತ್ತು. ಗೋಡೆ ಅಲುಗಾಡಿದಾಗ ಮನಸ್ಸು ಹಿಡಿದುಕೊಳ್ಳಲು ಹುಡುಕುವ ಆಸರೆಯನ್ನು ವಿಮಾ ಕಂತು ಪೂರ್ತಿ ಕೊಡಲಾರದು.

ಸಹಾಯ ಮಾಡುವ ಸಮುದಾಯಗಳು ಇಷ್ಟೊಂದು ಕಟ್ಟುಪಾಡು ಏಕೆ ಹಾಕುತ್ತವೆ?

ಉಡುಪು, ಊಟ, ದುಡಿಮೆ, ಮದುವೆ ಎಲ್ಲದಕ್ಕೂ ನಿಯಮ ಹೇರುವ ಪಂಥಗಳನ್ನು ಕಂಡಾಗ ಹೊರಗಿನವರಿಗೆ ಅದು ಬರೀ ಮೂಢತನ ಅನ್ನಿಸಬಹುದು. ಅರ್ಥಶಾಸ್ತ್ರಜ್ಞ ಲಾರೆನ್ಸ್ ಇಯನಕೋನಿ 1992ರಲ್ಲಿ ಬೇರೆಯೇ ವಿವರಣೆ ಕೊಟ್ಟರು. ಪರಸ್ಪರ ನೆರವಿನ ಯಾವ ಗುಂಪಿಗೂ ಒಂದು ತೊಡಕು ಇರುತ್ತದೆ: ಪಡೆಯಲು ಎಲ್ಲರೂ ಬರುತ್ತಾರೆ, ಕೊಡಲು ಕೆಲವರೇ ಉಳಿಯುತ್ತಾರೆ. ತ್ಯಾಗ ಬೇಡುವ ನಿಯಮಗಳು ಅರೆಮನಸ್ಸಿನವರನ್ನು ಬಾಗಿಲಲ್ಲೇ ತಡೆಯುತ್ತವೆ. ಒಳಗೆ ಉಳಿದವರು ಒಬ್ಬರನ್ನೊಬ್ಬರು ನಂಬಬಹುದು. ಇಸ್ರೇಲಿನ ಕಟ್ಟಾ ಸಂಪ್ರದಾಯಸ್ಥ ಯಹೂದಿ ಸಮುದಾಯಗಳ ಬಗ್ಗೆ ಎಲಿ ಬರ್ಮನ್ 2000ದಲ್ಲಿ ಬರೆದದ್ದೂ ಇದೇ ಜಾಡಿನಲ್ಲಿದೆ.

ಇದರ ಕರಾಳ ಮುಖವನ್ನು ಮರೆಯಬಾರದು. ಬಿದ್ದಾಗ ಹಿಡಿಯುವ ಕೈ ಇದೊಂದೇ ಆಗಿದ್ದರೆ ಅದನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ಹೆಸರಿಗಷ್ಟೇ ಇರುತ್ತದೆ. ಪ್ರಶ್ನೆ ಕೇಳಿದ ಹೆಣ್ಣುಮಗಳು, ಬೇರೆ ಕಡೆ ಮದುವೆಯಾದ ಹುಡುಗ, ಮುಖಂಡರ ಲೆಕ್ಕಪತ್ರ ಕೇಳಿದ ಸದಸ್ಯ, ಇವರೆಲ್ಲ ಗುಂಪಿನ ಜೊತೆಗೆ ತಮ್ಮ ಏಕೈಕ ವಿಮೆಯನ್ನೂ ಕಳೆದುಕೊಳ್ಳುತ್ತಾರೆ. ಹೀಗಿರುವಾಗ ಹಾಜರಿಯ ಸಂಖ್ಯೆ ತೋರಿಸಿ "ನೋಡಿ, ಎಷ್ಟು ಭಕ್ತಿ!" ಎನ್ನುವುದನ್ನು ನಾನು ಒಪ್ಪಲಾರೆ.

ಸರ್ಕಾರ ಪಿಂಚಣಿ, ವಿಮೆ, ಉಚಿತ ಚಿಕಿತ್ಸೆ ಕೊಟ್ಟರೆ ಧರ್ಮ ಕ್ಷೀಣಿಸುತ್ತದೆಯೇ?

ಸಮಾಜ ಕಲ್ಯಾಣಕ್ಕೆ ಹೆಚ್ಚು ಖರ್ಚು ಮಾಡುವ ದೇಶಗಳಲ್ಲಿ ಧಾರ್ಮಿಕ ಹಾಜರಿ ಕಡಿಮೆ ಎಂದು ಆಂಥೊನಿ ಗಿಲ್ ಮತ್ತು ಎರಿಕ್ ಲುಂಡ್ಸ್‌ಗಾರ್ಡೆ 2004ರಲ್ಲಿ ತೋರಿಸಿದರು. ಇದು ದೇಶಗಳ ನಡುವಿನ ಹೋಲಿಕೆ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇದೊಂದರಿಂದಲೇ ತೀರ್ಮಾನಿಸಲಾಗದು.

ಇನ್ನಷ್ಟು ಗಟ್ಟಿ ಪುರಾವೆ 1930ರ ದಶಕದ ಅಮೆರಿಕದಿಂದ ಬರುತ್ತದೆ. ಮಹಾ ಆರ್ಥಿಕ ಕುಸಿತದ ನಡುವೆ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಪರಿಹಾರ ಕಾರ್ಯಕ್ರಮ ಶುರುಮಾಡಿತು. ಅದರಿಂದಾಗಿ ಚರ್ಚುಗಳ ದಾನಧರ್ಮದ ಖರ್ಚು 30% ಇಳಿಯಿತು ಎಂದು ಜೊನಾಥನ್ ಗ್ರೂಬರ್ ಮತ್ತು ಡೇನಿಯಲ್ ಹಂಗರ್‌ಮನ್ 2007ರಲ್ಲಿ ಲೆಕ್ಕ ಹಾಕಿದರು. ಆದರೆ ಇಳಿದದ್ದು ದಾನದ ಖರ್ಚು. ಚರ್ಚುಗಳು ಬಾಗಿಲು ಹಾಕಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಅಮೆರಿಕದ ಚರ್ಚುಗಳು ತುಂಬಿ ತುಳುಕಿದವು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

"ಹಾಗಾದರೆ ಧರ್ಮ ಉಳಿಯಬೇಕಾದರೆ ಸರ್ಕಾರ ಸುಮ್ಮನಿರಬೇಕು" ಎಂಬ ತರ್ಕ ಕೆಲವರ ಬಾಯಲ್ಲಿ ಬರುತ್ತದೆ. ಯಾವ ಧರ್ಮವೂ ವಿಧವೆಗೆ ಪಿಂಚಣಿ ಸಿಗಬಾರದು ಎಂದು ಬೋಧಿಸಿಲ್ಲ. ಆಸ್ಪತ್ರೆಯ ಬಿಲ್ಲಿನ ಭಯದಿಂದ ಬಂದು ಕೂತವರನ್ನು ಉಳಿಸಿಕೊಳ್ಳಲು ಆ ಭಯವನ್ನೇ ಉಳಿಸಬೇಕೆನ್ನುವುದು ಕ್ರೌರ್ಯ.

ಅಮೆರಿಕ ಶ್ರೀಮಂತ ದೇಶವಾದರೂ ಅಲ್ಲಿ ಧರ್ಮ ಯಾಕೆ ಇಷ್ಟು ಗಟ್ಟಿ?

ಪ್ಯೂ ಸಂಶೋಧನಾ ಕೇಂದ್ರದ 2018ರ ವರದಿಯ ಪ್ರಕಾರ ಅಲ್ಲಿ 55% ವಯಸ್ಕರು ದಿನವೂ ಪ್ರಾರ್ಥಿಸುತ್ತಿದ್ದರು. ಹೋಲಿಸಿದ ನೂರಕ್ಕೂ ಹೆಚ್ಚು ದೇಶಗಳಲ್ಲಿ ತಲಾ ಆದಾಯ, ಪ್ರಾರ್ಥನೆ ಎರಡೂ ಸರಾಸರಿಗಿಂತ ಮೇಲಿದ್ದದ್ದು ಅಮೆರಿಕ ಒಂದರಲ್ಲೇ.

ಅಭದ್ರತೆಯ ಕಡೆಯಿಂದ ನೋಡಿದರೆ ಒಗಟು ಅರ್ಧ ಬಿಡಿಸಿಕೊಳ್ಳುತ್ತದೆ. ಎಲ್ಲರಿಗೂ ಆರೋಗ್ಯ ವಿಮೆ ಕೊಡುವ ವ್ಯವಸ್ಥೆ ಅಲ್ಲಿಲ್ಲ, ಬಹಳ ಜನರ ವಿಮೆ ಕೆಲಸಕ್ಕೆ ಅಂಟಿಕೊಂಡಿದೆ, ಅಸಮಾನತೆ ಪಶ್ಚಿಮ ಯುರೋಪಿಗಿಂತ ಹೆಚ್ಚು. ಉಳಿದರ್ಧಕ್ಕೆ ಬೇರೆ ಕಾರಣಗಳಿವೆ: ಸರ್ಕಾರಿ ಚರ್ಚು ಇಲ್ಲದಿರುವುದು, ಪಂಥಗಳ ನಡುವಿನ ಪೈಪೋಟಿ, ವಲಸಿಗರಿಗೆ ಚರ್ಚೇ ಮೊದಲ ನೆಲೆಯಾಗಿದ್ದುದು.

ಚಿತ್ರ ಬದಲಾಗುತ್ತಲೂ ಇದೆ. ಗ್ಯಾಲಪ್ ಸಂಸ್ಥೆಯ ಪ್ರಕಾರ 1999ರಲ್ಲಿ 70% ಜನ ಯಾವುದಾದರೂ ಪ್ರಾರ್ಥನಾ ಮಂದಿರದ ಸದಸ್ಯರಾಗಿದ್ದರು, 2020ರಲ್ಲಿ 47%. ಈ ಅವಧಿಯಲ್ಲಿ ಅಲ್ಲಿಯ ದುಡಿಯುವ ವರ್ಗದ ಬದುಕು ಹೆಚ್ಚು ಭದ್ರವಾಯಿತು ಎಂದು ಯಾರೂ ಹೇಳಲಾರರು. ಭದ್ರತೆಯ ವಾದವೊಂದರಿಂದಲೇ ಎಲ್ಲವನ್ನೂ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕೊಲ್ಲಿಯ ತೈಲ ದೇಶಗಳು? ಚೀನಾ?

ಕೊಲ್ಲಿ ದೇಶಗಳಲ್ಲಿ ಹಣವೂ ಇದೆ, ನಾಗರಿಕರಿಗೆ ಸರ್ಕಾರದ ಆಸರೆಯೂ ಇದೆ, ಧರ್ಮವೂ ಗಟ್ಟಿಯಾಗಿದೆ. ಅಲ್ಲಿ ಧರ್ಮ ಕಾನೂನು ಮತ್ತು ಆಳ್ವಿಕೆಯೊಳಗೇ ಹೆಣೆದುಕೊಂಡಿದೆ. ಚೀನಾದಲ್ಲಿ ಜನ ಕಡುಬಡವರಾಗಿದ್ದ ಕಾಲದಲ್ಲೇ ಪ್ರಭುತ್ವ ಧರ್ಮವನ್ನು ಹತ್ತಿಕ್ಕಿತು. ಎರಡೂ ಕಡೆ ಅಧಿಕಾರದ ಕೈ ಹಣಕ್ಕಿಂತ ಬಲವಾಗಿ ಕೆಲಸ ಮಾಡಿದೆ.

ಕೆಲಸ ಕಳೆದುಕೊಂಡ ನಮ್ಮ ಪರಿಚಯದವರು ಪ್ರಾರ್ಥನೆಗೆ ಬರುವುದನ್ನೇ ಬಿಟ್ಟರು. ಇದು ತಿರುಗಾಮುರುಗಾ ಆಯಿತಲ್ಲ?

ನೀವು ಕಂಡದ್ದು ಅಪರೂಪದ್ದಲ್ಲ. ಪಾಲ್ಗೊಳ್ಳಲು ಖರ್ಚು ಇದೆ: ಹೋಗಿ ಬರುವ ಖರ್ಚು, ತಟ್ಟೆಗೆ ಹಾಕುವ ಕಾಣಿಕೆ, ನಾಲ್ಕು ಜನರ ಮುಂದೆ ಉಡುವ ಬಟ್ಟೆ, ರಜೆ. ಪಾಳಿಯ ಮೇಲೆ ದುಡಿಯುವವರಿಗೆ, ಮೊಬೈಲಿನಲ್ಲಿ ಆರ್ಡರ್ ಬಂದಾಗಲೆಲ್ಲ ಓಡಬೇಕಾದವರಿಗೆ ವಾರದ ಇಂಥ ದಿನ ಇಂಥ ಹೊತ್ತು ತಮ್ಮದು ಎಂಬುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ ನಾಚಿಕೆ. "ಈಗ ಎಲ್ಲಿ ಕೆಲಸ?" ಎಂಬ ಅಕ್ಕರೆಯ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲೆಂದೇ ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಾರೆ.

ಈಕ್ವೆಡಾರ್‌ನಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನೇರ ನಗದು ಕೊಡುವ ಯೋಜನೆಯನ್ನು ಥಾಮಸ್ ಬೂಸರ್ ಪರಿಶೀಲಿಸಿದರು, 2015ರಲ್ಲಿ ಪ್ರಕಟವಾಯಿತು. ಅರ್ಹತೆಯ ಗೆರೆಯ ಆಚೀಚೆ ಇದ್ದ, ಬಹುತೇಕ ಒಂದೇ ಸ್ಥಿತಿಯ ಮನೆಗಳ ಹೋಲಿಕೆ ಅದು. ಹಣ ಸಿಕ್ಕವರು ಚರ್ಚಿಗೆ ಹೆಚ್ಚು ಸಲ ಹೋದರು, ಇವ್ಯಾಂಜೆಲಿಕಲ್ ಎಂಬ ಪ್ರಾಟೆಸ್ಟೆಂಟ್ ಕ್ರೈಸ್ತ ಪಂಥ ಸೇರುವ ಸಾಧ್ಯತೆಯೂ ಹೆಚ್ಚಿತು. ತೀರಾ ಕೆಳಗಿನ ಮೆಟ್ಟಿಲಲ್ಲಿ ಇರುವವರಿಗೆ ಸ್ವಲ್ಪ ಹಣ ಎಂದರೆ ಒಳಗೆ ಕಾಲಿಡುವ ಧೈರ್ಯ. ಹೀಗಾಗಿ ಬಿಕ್ಕಟ್ಟು ಕೆಲವರನ್ನು ಒಳಗೆ ತಳ್ಳುತ್ತದೆ, ಕೆಲವರನ್ನು ಹೊರಗೆ. ತಳ್ಳುವ ದಿಕ್ಕನ್ನು ಬಹಳ ಸಲ ನಿರ್ಧರಿಸುವುದು ಒಳಗಿರುವವರು ಖಾಲಿ ಕೈಯವರನ್ನು ಹೇಗೆ ಕಾಣುತ್ತಾರೆ ಎಂಬುದು.

ಸಂಬಳ ಹೆಚ್ಚಿದ ವ್ಯಕ್ತಿಯ ಭಕ್ತಿ ತಕ್ಷಣ ಕಡಿಮೆಯಾಗುತ್ತದೆಯೇ?

ಹಾಗಾಗುವುದು ಕಡಿಮೆ. 1886ರಿಂದ 1911ರವರೆಗಿನ ಪ್ರಷ್ಯಾದ (ಆಗಿನ ಜರ್ಮನಿಯ ದೊಡ್ಡ ರಾಜ್ಯ) ಕೌಂಟಿಗಳ ಚರ್ಚ್ ದಾಖಲೆಗಳನ್ನು ಸಾಶಾ ಬೆಕರ್ ಮತ್ತು ಲುಡ್ಗರ್ ವೋಸ್ಮನ್ ಪರಿಶೀಲಿಸಿದರು. ಮೇಲ್ನೋಟಕ್ಕೆ ಆದಾಯ ಏರಿದಂತೆ ಹಾಜರಿ ಇಳಿದಂತೆ ಕಂಡರೂ, ಅದೇ ಕೌಂಟಿಯನ್ನು ಕಾಲದುದ್ದಕ್ಕೂ ಹಿಂಬಾಲಿಸಿದಾಗ ಆದಾಯದ ಏರಿಕೆ ಹಾಜರಿಯನ್ನು ಇಳಿಸಿದ ಗುರುತು ಸಿಗಲಿಲ್ಲ.

ಬಾಲ್ಯದಲ್ಲಿ ಮೈಗೂಡಿದ ಅಭ್ಯಾಸ ಬ್ಯಾಂಕ್ ಖಾತೆ ನೋಡಿ ಬದಲಾಗುವುದಿಲ್ಲ. ಬದಲಾವಣೆ ನಡೆಯುವುದು ಹೆಚ್ಚಾಗಿ ತಲೆಮಾರಿನಿಂದ ತಲೆಮಾರಿಗೆ: ಬರಗಾಲ ಕಂಡ ಅಜ್ಜಿ ದಿನವೂ ಪ್ರಾರ್ಥಿಸುತ್ತಾರೆ, ಮಗಳು ಹಬ್ಬಗಳಿಗೆ ಹೋಗುತ್ತಾಳೆ, ಮೊಮ್ಮಗನಿಗೆ ಆ ಮಾತುಗಳೇ ಬಾಯಿಗೆ ಬರುವುದಿಲ್ಲ.

ಧರ್ಮವೇ ಜನರನ್ನು ಆರ್ಥಿಕವಾಗಿ ಮೇಲೆತ್ತುವುದಿಲ್ಲವೇ?

ಎತ್ತಬಹುದು, ಆದರೆ ಸರಳ ಸೂತ್ರವೇನೂ ಇಲ್ಲ. ಪ್ರಾಟೆಸ್ಟೆಂಟ್ ನೀತಿಗೂ ಬಂಡವಾಳಶಾಹಿಗೂ ನಂಟಿದೆ ಎಂಬ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ವಾದ ಪ್ರಸಿದ್ಧ. ಬೆಕರ್ ಮತ್ತು ವೋಸ್ಮನ್ ಅದನ್ನೂ ಪ್ರಷ್ಯಾದಲ್ಲೇ ಪರೀಕ್ಷಿಸಿ, ಪ್ರಾಟೆಸ್ಟೆಂಟ್ ಸೀಮೆಗಳ ಏಳಿಗೆಗೆ ಮುಖ್ಯ ಕಾರಣ ಓದುಬರಹ ಎಂದರು. ಧರ್ಮಗ್ರಂಥ ಓದಲೆಂದು ಕಲಿತ ಅಕ್ಷರ ದುಡಿಮೆಗೂ ಬಂತು.

ಫಿಲಿಪ್ಪೀನ್ಸ್‌ನಲ್ಲಿ ಸಾವಿರಾರು ಕಡುಬಡ ಕುಟುಂಬಗಳ ಜೊತೆ ಒಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಧಾರ್ಮಿಕ ಬೋಧನೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಆರು ತಿಂಗಳ ನಂತರ ಬೋಧನೆ ಪಡೆದವರಲ್ಲಿ ಧಾರ್ಮಿಕತೆಯೂ ಆದಾಯವೂ ಸ್ವಲ್ಪ ಹೆಚ್ಚಿತ್ತು. ಆದರೆ ಮನೆಖರ್ಚಿನ ಮಟ್ಟ ಏರಿರಲಿಲ್ಲ; ಸುತ್ತಲಿನವರಿಗೆ ಹೋಲಿಸಿ ತಾವು ಯಾವ ಮಟ್ಟದಲ್ಲಿದ್ದೇವೆ ಎಂಬ ಅವರ ಅಂದಾಜು ಮೊದಲಿಗಿಂತ ಕೆಳಗಿಳಿದಿತ್ತು.

ಅಸಮಾನತೆ ಹೆಚ್ಚಿದ್ದಲ್ಲಿ ಬಡವರು ಮಾತ್ರ ಧಾರ್ಮಿಕರಾಗುತ್ತಾರೆಯೇ?

ಇಲ್ಲ, ಇದೇ ಸೋಜಿಗ. ಫ್ರೆಡರಿಕ್ ಸೋಲ್ಟ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ ಅಸಮಾನತೆ ಹೆಚ್ಚಿದ್ದಲ್ಲಿ ಸಿರಿವಂತರಲ್ಲೂ ಧಾರ್ಮಿಕತೆ ಹೆಚ್ಚು. ಇರುವ ವ್ಯವಸ್ಥೆಯೇ ಸರಿ ಎಂದು ಒಪ್ಪಿಸುವ ಮಾತು ಉಳ್ಳವರಿಗೆ ಅನುಕೂಲ. ಅದನ್ನು ಹರಡುವ ಶಕ್ತಿಯೂ ಅವರಲ್ಲಿದೆ ಎಂಬುದು ಸೋಲ್ಟ್ ಮತ್ತು ಸಂಗಡಿಗರ ವಿವರಣೆ. ಬಡವರ ಭಯದ ಬಗ್ಗೆಯಷ್ಟೇ ಮಾತಾಡುವ ಚರ್ಚೆಗಳಲ್ಲಿ ಈ ಬದಿ ಬಿಟ್ಟುಹೋಗುತ್ತದೆ.

ಹೀಗೆಲ್ಲ ವಿವರಿಸುವುದು ಭಕ್ತರಿಗೆ ಮಾಡುವ ಅವಮಾನ ಅಲ್ಲವೇ?

ಒಬ್ಬರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂಬುದು ಒಳಗೆ ಕಂಡುಕೊಂಡದ್ದನ್ನು ಸುಳ್ಳು ಮಾಡುವುದಿಲ್ಲ. ಸಾಲಬಾಧೆಯಿಂದ ಬಂದವರಲ್ಲಿ ನಿಜವಾದ ಅನುಭಾವ ಹುಟ್ಟಬಹುದು. ಎಲ್ಲ ಇದ್ದೂ ಬಂದವರಲ್ಲಿ ಹುಟ್ಟದಿರಬಹುದು. ಅಂಕಿಅಂಶ ಹೇಳುವುದು ಗುಂಪುಗಳ ಬಗ್ಗೆ. ನಿಮ್ಮ ತಾಯಿ ಕೈಮುಗಿದು ನಿಂತಾಗ ಅವರ ಮನಸ್ಸಿನಲ್ಲಿ ಏನಿದೆ ಎಂದು ಯಾವ ಸಮೀಕ್ಷೆಯೂ ಹೇಳಲಾರದು.

ಜೊತೆಗೆ ಇನ್ನೊಂದು ಸಂಗತಿ. ಎಡ್ ಡೀನರ್ ಮತ್ತು ಸಂಗಡಿಗರು 2011ರಲ್ಲಿ ಅನೇಕ ದೇಶಗಳ ಮಾಹಿತಿ ನೋಡಿದಾಗ, ಬದುಕು ಕಷ್ಟವಾಗಿರುವ ಕಡೆ ಧಾರ್ಮಿಕರು ಇತರರಿಗಿಂತ ಹೆಚ್ಚು ನೆಮ್ಮದಿಯಿಂದಿದ್ದರು. ಬದುಕು ಸಲೀಸಾಗಿರುವ ಕಡೆ ಇಬ್ಬರ ನಡುವೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಷ್ಟದ ನೆಲದಲ್ಲಿ ಧರ್ಮ ನಿಜವಾದ ಕೆಲಸ ಮಾಡುತ್ತಿದೆ ಎಂದೇ ಇದರ ಅರ್ಥ.

ಹಾಗಾದರೆ ಜಗತ್ತೆಲ್ಲ ಧರ್ಮದಿಂದ ದೂರ ಸರಿಯುತ್ತಿದೆಯೇ?

ಇಂಗಲ್‌ಹಾರ್ಟ್ ತಮ್ಮ ಕೊನೆಯ ವರ್ಷಗಳಲ್ಲಿ ನೋಡಿದ 49 ದೇಶಗಳ ಪೈಕಿ 43ರಲ್ಲಿ 2007ರಿಂದ 2019ರ ನಡುವೆ ಧಾರ್ಮಿಕತೆ ಇಳಿದಿತ್ತು. ಭದ್ರತೆಯ ಜೊತೆಗೆ ಹೆರಿಗೆ, ಕುಟುಂಬ, ಹೆಣ್ಣುಗಂಡಿನ ಕುರಿತ ಹಳೆಯ ನಿಯಮಗಳು ಸಡಿಲವಾದದ್ದೂ ಕಾರಣ ಎಂದು ಅವರೇ ತಮ್ಮ ವಾದವನ್ನು ಹಿಗ್ಗಿಸಿದರು. ಇನ್ನೊಂದು ಕಡೆ ಧಾರ್ಮಿಕತೆ ಹೆಚ್ಚಿರುವ ಸಮಾಜಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚು, ಆದ್ದರಿಂದ ಜಗತ್ತಿನ ಒಟ್ಟು ಜನಸಂಖ್ಯೆಯಲ್ಲಿ ಧಾರ್ಮಿಕರ ಪಾಲು ಅಷ್ಟು ಬೇಗ ಕುಗ್ಗುವುದಿಲ್ಲ. ಪ್ಯೂ ಕೇಂದ್ರದ 2023-24ರ ಸಮೀಕ್ಷೆಯಲ್ಲಿ ಅಮೆರಿಕದ ಇಳಿಕೆಯೂ ಸದ್ಯಕ್ಕೆ ನಿಂತಂತೆ ಕಾಣುತ್ತದೆ.

ಇಷ್ಟು ದಿನ ಹೋಗದವನು ಕಷ್ಟ ಬಂತೆಂದು ಈಗ ಹೋದರೆ ಸ್ವಾರ್ಥವಾಗುವುದಿಲ್ಲವೇ?

ಆಗುವುದಿಲ್ಲ. ಮೇಲೆ ಹೇಳಿದ ಹಲವು ಕಡೆ ಜನ ಹಾಗೆಯೇ ಹೋದರು. ಕಷ್ಟದಲ್ಲಿರುವವರಿಗೆ ನೆರವಾಗುವುದನ್ನು ಎಲ್ಲ ದೊಡ್ಡ ಧರ್ಮಗಳೂ ಕರ್ತವ್ಯವೆಂದೇ ಹೇಳುತ್ತವೆ. ಸಂಕೋಚ ಬಿಟ್ಟು ಹೋಗಿ, ಇರುವ ವಿಷಯ ಇದ್ದ ಹಾಗೆ ಹೇಳಿ. ಸಭೆಯ ನಡುವೆ ಹೇಳಲು ಮುಜುಗರವಾದರೆ ಜವಾಬ್ದಾರಿ ಇರುವ ಒಬ್ಬರನ್ನು ಪ್ರತ್ಯೇಕವಾಗಿ ಕಾಣಿ.

ಕೆಲವು ಎಚ್ಚರಿಕೆ ಇರಲಿ. ನೆರವು ದಾನವೋ, ಸಾಲವೋ, ಅದಕ್ಕೆ ಏನಾದರೂ ಷರತ್ತು ಇದೆಯೋ ಎಂದು ಪಡೆಯುವ ಮೊದಲೇ ಬಾಯಿಬಿಟ್ಟು ಕೇಳಿ. ಕಾಗದ, ಒಡವೆ, ಗುರುತಿನ ಚೀಟಿ ಯಾರ ಕೈಗೂ ಒತ್ತೆಯಾಗಿ ಕೊಡಬೇಡಿ. ಹಾಗೆಯೇ ಸರ್ಕಾರದಿಂದ, ಕೆಲಸ ಕೊಟ್ಟವರಿಂದ ಹಕ್ಕಾಗಿ ಬರಬೇಕಾದ ಪರಿಹಾರ, ವಿಮೆ, ಬಾಕಿ ಸಂಬಳದ ಅರ್ಜಿಗಳನ್ನು ಅವತ್ತೇ ಹಾಕಿ. ಸಮುದಾಯದ ನೆರವು ಸಿಕ್ಕಿತೆಂದು ಅವನ್ನು ಮುಂದೂಡಿದರೆ ಅವಧಿ ಮೀರಿಹೋಗುತ್ತದೆ.